ಸವೆತದ ಸದ್ದು

"ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?" ಎಂದು ಅವನು ಕೇಳಿದ್ದಕ್ಕೆ ಕುರ್ಚಿಯಲ್ಲಿ ಕುಳಿತಿದ್ದ ಹೆಂಗಸು ಎರಡೂ ಒಂದೇ ಥರ ಕಾಣುತ್ತವೆ ಎಂದಳು. ಅವಳ ಮೂಗಿನ ಮೇಲಿದ್ದ ಪರೀಕ್ಷೆಯ ಫ್ರೇಮಿನಿಂದ ಒಂದು ಗಾಜು ತೆಗೆದು ಇನ್ನೊಂದನ್ನು ಸಿಕ್ಕಿಸಿ ಮತ್ತೆ ಕೇಳಿದ. "ಈಗ? ಇದಾ, ಅದಾ?" ದಿನವಿಡೀ ಅವನ ಬಾಯಲ್ಲಿ ಇದೇ ಮಾತು. ಉತ್ತರ ಹೇಳುವ ಮೊದಲು ಜನ ಸ್ವಲ್ಪ ಹೆದರುತ್ತಾರೆ, ತಪ್ಪು ಹೇಳಿಬಿಟ್ಟರೆ ಮುಂದೆ ಕಾಣುವುದೆಲ್ಲ ತಪ್ಪಾಗಿಯೇ ಕಂಡೀತು ಎಂಬಂತೆ. ಅಂಥವರಿಗೆ ಅವನು "ಇದರಲ್ಲಿ ತಪ್ಪು ಉತ್ತರ ಅಂತ ಇಲ್ಲಮ್ಮ, ಕಂಡಿದ್ದು ಹೇಳಿ" ಎಂದು ಧೈರ್ಯ ತುಂಬುತ್ತಾನೆ. ಇವತ್ತು ಆ ಮಾತು ಅರ್ಧಕ್ಕೇ ನಿಂತಿತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಗ್ಯಾರೇಜಿನ ಮೇಸ್ತ್ರಿಯ ಫೋನು ಬಂದಿತ್ತು. "ಕನ್ನಡಕದ ಸಾರ್, ಇಂಜಿನ್ ಬಿಚ್ಚಿ ಬೆಂಚಿನ ಮೇಲೆ ಹರವಿ ಕೂತಿದೀನಿ. ರಿಪೇರೀನೋ ಬದಲೀನೋ ಇವತ್ತು ಬಾಯಿ ಬಿಟ್ಟು ಹೇಳ್ಬಿಡಿ. ಹೊಟ್ಟೆ ಕೊಯ್ದು ಮಲಗಿಸಿ ಡಾಕ್ಟ್ರು ಊಟಕ್ಕೆ ಹೋದ ಹಾಗಾಗಿದೆ." ಮಧ್ಯಾಹ್ನ ಬರುತ್ತೇನೆ ಎಂದು ಹೇಳಿ ಫೋನು ಇಟ್ಟಿದ್ದ. ಊರಿಗೆಲ್ಲ ಇದಾ ಅದಾ ಎಂದು ಕೇಳುವವನಿಗೆ ತನ್ನ ಪಾಲಿಗೆ ಬಂದ ಒಂದೇ ಒಂದು ಪ್ರಶ್ನೆ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೆಂಗಸು, "ಯಾವುದೋ ಒಂದು ಹಾಕಿಕೊಡಿ, ನಿಮಗೇ ಗೊತ್ತಲ್ಲ" ಎಂದಳು. ಅವಳ ಮೇಲೆ ಅವನಿಗೆ ಕಾರಣವಿಲ್ಲದೆ ಸಿಟ್ಟು ಬಂತು.

ಗಾಡಿ ಅವನದಲ್ಲ, ಅಣ್ಣನದು. ಅಣ್ಣ ಲಿಫ್ಟು ರಿಪೇರಿಯವನು. ಯಾವ ಕಟ್ಟಡದಲ್ಲಿ ಯಾರು ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡರೂ ಆ ಹಳೆಯ ಮೋಟರ್‌ಸೈಕಲ್ ಏರಿ ಹೋಗಿ ಬಿಡಿಸಿ ಬರುತ್ತಿದ್ದ. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ "ಆಗಿದೆಯಲ್ಲ, ಹೊರಗೆ ನಿಂತಿದಾಳೆ ನೋಡಿ" ಎಂದು ಗಾಡಿಯತ್ತ ಕೈ ತೋರಿಸುತ್ತಿದ್ದ. ಒಂದು ಸಂಜೆ ಎದೆ ಉರಿ ಎಂದು ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಜೊತೆಯ ಕೆಲಸದವರು ಗಾಡಿಯನ್ನು ತಳ್ಳಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿ, ಬೀಗದ ಕೈಯನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಸೀಟಿನ ಮೇಲಿಟ್ಟು ಹೋದರು. ಅಮ್ಮನಿಗೆ ಆಗಲೇ ಮರೆವು ಹತ್ತಿತ್ತು. ವಿಷಯ ಹೇಳಿದರು, ಅತ್ತಳು. ಮಾರನೆಯ ದಿನ "ದೊಡ್ಡೋನು ಎಲ್ಲಿ, ಇನ್ನೂ ಬರ್ಲಿಲ್ಲ?" ಎಂದು ಕೇಳಿದಳು. ಹೇಳಿದರು. ಆಗ ತಾನೇ ಕೇಳಿದವಳಂತೆ ಗೋಡೆ ಹಿಡಿದು ಕುಸಿದಳು. ಅದರ ಮಾರನೆಯ ದಿನವೂ ಹಾಗೇ ಆಯಿತು. ಕೊನೆಗೆ ಅವನ ಹೆಂಡತಿಯೇ, "ಸಾಕು ಬಿಡ್ರೀ. ಇರೋ ಒಂದು ಸಾವನ್ನ ಅವರಿಗೆ ಎಷ್ಟು ಸಲ ಬಡಿಸ್ತೀರ?" ಎಂದಳು. ಅಂದಿನಿಂದ ಕೇಳಿದಾಗೆಲ್ಲ "ಬರ್ತಾನೆ" ಎಂದರು. ಬರುತ್ತಾನೆ ಎಂದಮೇಲೆ ಕಾಯಬೇಕಲ್ಲ, ಅಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಗಾಡಿ ತುಕ್ಕು ಹಿಡಿಯದಿರಲಿ ಎಂದು ಅವನು ಒಂದು ಸಂಜೆ ಅದನ್ನು ಸ್ಟ್ಯಾಂಡಿನ ಮೇಲೆಯೇ ಇಟ್ಟು ಕಿಕ್ ಹೊಡೆದಿದ್ದ. ಓಡಿಸಲು ಅವನಿಗೆ ಬರುವುದಿಲ್ಲ. ಹಿಂದೊಮ್ಮೆ ಅಣ್ಣ ಕಲಿಸಲು ಹೋಗಿ, ಅವನು ಗಾಡಿಯನ್ನು ಯಾರದೋ ಮನೆಯ ಗೇಟಿನೊಳಗೆ ನುಗ್ಗಿಸಿ, ಬೀದಿಯ ಹೆಂಗಸರೆಲ್ಲ ನಕ್ಕು, ಅಣ್ಣ "ನೀನು ಊರಿಗೆ ದಾರಿ ಕಾಣೋ ಹಾಗೆ ಮಾಡಪ್ಪ, ಸಾಕು" ಎಂದಿದ್ದ. ಆ ಸಂಜೆ ಇಂಜಿನ್ನು ಕೆಮ್ಮಿ, ಟಕಟಕ ಬಡಿದುಕೊಂಡು ಶುರುವಾಯಿತು. ಒಳಗಿನಿಂದ ಅಮ್ಮನ ದನಿ ಬಂತು. "ದೊಡ್ಡೋನು ಬಂದ!" ಅಲ್ಲಮ್ಮ, ನಾನು, ಎಂದು ಹೇಳಲೆಂದೇ ಅವನು ಒಳಗೆ ಹೋದದ್ದು. ಅವಳು ಮಂಚದಿಂದ ಎರಡೂ ಕೈ ಚಾಚಿ ಅವನ ಮುಖವನ್ನು ಹಿಡಿದಳು. ಕಿವಿ, ಕೆನ್ನೆ, ಗದ್ದ ಎಲ್ಲ ಸವರಿದಳು. "ಎಷ್ಟು ತಡಾನೋ" ಎಂದಳು. ತನ್ನನ್ನು ಅಮ್ಮ ಹಾಗೆ ಮುಟ್ಟಿ ಎಷ್ಟು ಕಾಲವಾಗಿತ್ತು ಎಂದು ಅವನಿಗೆ ನೆನಪಾಗಲಿಲ್ಲ. ಬಾಯಿ ತೆರೆದವನು ಅಣ್ಣನ ಹಾಗೆ "ಹಸಿವಮ್ಮ" ಎಂದುಬಿಟ್ಟ. ಅಲ್ಲಿಂದ ಅದೊಂದು ದಿನಚರಿಯೇ ಆಯಿತು. ಸಂಜೆ ಅಂಗಡಿಯಿಂದ ನಡೆದು ಬರುವುದು, ಕಿಕ್ ಹೊಡೆಯುವುದು, ನಿಲ್ಲಿಸುವ ಮೊದಲು ಅಣ್ಣ ಮಾಡುತ್ತಿದ್ದಂತೆ ಎರಡು ಸಲ ಜೋರಾಗಿ ರೇಸು ಮಾಡುವುದು, ಒಳಗೆ ಬಂದು ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲೆ ಸದ್ದಾಗುವ ಹಾಗೆ ಎಸೆಯುವುದು. ಅಮ್ಮ ಹತ್ತಿರ ಕೂರಿಸಿಕೊಂಡು ದೊಡ್ಡ ಮಗನ ಹತ್ತಿರ ಚಿಕ್ಕ ಮಗನ ಚಾಡಿ ಹೇಳುತ್ತಿದ್ದಳು. "ಚಿಕ್ಕೋನು ಈ ಕಡೆ ತಲೆ ಹಾಕೋದೇ ಇಲ್ಲ ನೋಡು. ಬದುಕಿದಾಳೋ ಸತ್ತಳೋ ಅಂತ ಕೇಳೋದೂ ಇಲ್ಲ." ಅವನು ಅಣ್ಣನ ದಪ್ಪ ದನಿಯಲ್ಲಿ, "ಪಾಪ, ಅವನಿಗೂ ಅಂಗಡಿ ಇದೆಯಲ್ಲಮ್ಮ" ಎನ್ನುತ್ತಿದ್ದ. "ಅವನ ಪರ ವಹಿಸ್ಬೇಡ, ನೀನು ಮೊದಲಿಂದ್ಲೂ ಹೀಗೇ" ಎಂದು ಅವಳು ಗದರುತ್ತಿದ್ದಳು. ಅಡುಗೆಮನೆಯಲ್ಲಿ ಹೆಂಡತಿ ನಗು ತಡೆಯಲಾರದೆ ನಲ್ಲಿ ತಿರುಗಿಸುತ್ತಿದ್ದಳು. ಆಮೇಲೆ ಅವಳ ಕಣ್ಣೂ ಕೆಂಪಗಿರುತ್ತಿತ್ತು. ಬೆಳಿಗ್ಗೆ ಇಂಜಿನ್ನಿನ ಸದ್ದಿಲ್ಲದೆ ಅವನೇ ಕಾಫಿ ತಂದುಕೊಟ್ಟರೆ ಅಮ್ಮ, "ನಿಮಗ್ಯಾಕೆ ತೊಂದರೆ, ಅಲ್ಲೇ ಇಟ್ಟು ಹೋಗಿ" ಎನ್ನುತ್ತಿದ್ದಳು, ಯಾರೋ ನೆರೆಮನೆಯವರಿಗೆ ಹೇಳುವ ಹಾಗೆ.

ಇನ್ನೊಂದು ವಿಷಯವಿತ್ತು, ಹೆಂಡತಿಗೂ ಗೊತ್ತಿರಲಿಲ್ಲ. ಅಮ್ಮನ ಕನ್ನಡಕ. ಅವನೇ ಗಾಜು ಉಜ್ಜಿ, ಅವಳ ಕಿವಿಗೆ ನೋವಾಗದಂತೆ ಕಡ್ಡಿ ಬಗ್ಗಿಸಿ ಮಾಡಿಕೊಟ್ಟಿದ್ದು. ದಿನಚರಿ ಶುರುವಾದ ಮೇಲೆ ಒಂದು ಸಂಜೆ ಅಮ್ಮ ಅದನ್ನು ಹಾಕಿಕೊಳ್ಳಲು ಕೈ ಚಾಚಿದಾಗ ಅವನು ಅದನ್ನು ಕೈಗೆಟುಕದ ಹಾಗೆ ಸರಿಸಿಟ್ಟ. ಅಣ್ಣ ಅಗಲ ಮುಖದವನು, ಅವನು ಕೋಲು ಮುಖದವನು. ಮಾರನೆಯ ದಿನ ಕನ್ನಡಕ ಕಾಣೆಯಾಯಿತು. ಹೆಂಡತಿ ಹಾಸಿಗೆ ಕೊಡವಿ ಹುಡುಕಿದಳು, "ಕನ್ನಡಕದ ಅಂಗಡಿಯವರ ಮನೇಲಿ ಕನ್ನಡಕಕ್ಕೆ ಬರ ನೋಡಿ" ಎಂದು ಹಂಗಿಸಿದಳು, ಇನ್ನೊಂದು ಮಾಡಿಕೊಡಿ ಎಂದು ಬೆನ್ನು ಹತ್ತಿದಳು. ಅವನು ನಾಳೆ ನಾಳೆ ಎಂದ. ಕನ್ನಡಕ ಅಂಗಡಿಯ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒರೆಸುವ ಬಟ್ಟೆಯೊಳಗೆ ಸುತ್ತಿಟ್ಟಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಮಾಡಿದವನು ತನ್ನನ್ನು ನೋಡಿಯೇ ಮಾಡಿರಬೇಕು ಎಂದು ಆ ಡ್ರಾಯರು ಎಳೆದಾಗೆಲ್ಲ ಅವನಿಗೆ ಅನ್ನಿಸುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಕಣ್ಣು ಕಾಣುವ ಹಾಗೆ ಮಾಡುವವನು ಹೆತ್ತವಳ ಕಣ್ಣಿಗೆ ಮಣ್ಣೆರಚಿ ಮಗನಾಗಿದ್ದ, ಅದೂ ಇನ್ನೊಬ್ಬ ಮಗನಾಗಿ.

ಹೀಗಿರುವಾಗ ಒಂದು ಸಂಜೆ ಇಂಜಿನ್ನು ಹೊಗೆ ಕಾರಿ ನಡುವೆಯೇ ನಿಂತಿತ್ತು, ಗಾಡಿಯನ್ನು ತಳ್ಳಿಸಿ ಗ್ಯಾರೇಜಿಗೆ ಕಳಿಸಿದ್ದ. ಈ ಮಧ್ಯಾಹ್ನ ಗ್ಯಾರೇಜಿನಲ್ಲಿ ಮೇಸ್ತ್ರಿ ಪಿಸ್ಟನ್ನನ್ನು ತೋಳಿನುದ್ದಕ್ಕೆ ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ದಪ್ಪ ಹೊಟ್ಟೆಯ, ಬಾಯಿಗೆ ಬೀಗವಿಲ್ಲದ ಮನುಷ್ಯ. ಹತ್ತಿರದ್ದು ಕಾಣದ ಕಣ್ಣು ಎಂದು ಇವನಿಗೆ ನೋಡಿದ ಕೂಡಲೇ ತಿಳಿಯಿತು. "ಒಂದು ದಿನ ಅಂಗಡಿಗೆ ಬನ್ನಿ ಮೇಸ್ತ್ರಿ" ಎಂದ, ಮುಖ್ಯ ಮಾತನ್ನು ಸ್ವಲ್ಪ ಮುಂದೂಡಲು. "ಬಂದ್ರೆ ನೀವು ಕನ್ನಡಕ ಹಾಕ್ತೀರ, ಹಾಕಿದ್ರೆ ಮನೆಗೆ ಹೋಗಿ ಹೆಂಡ್ತೀನ ಸರಿಯಾಗಿ ನೋಡ್ಬೇಕಾಗತ್ತೆ. ಯಾಕೆ ಸಾರ್ ಬಡವನ ಸಂಸಾರ ಕೆಡಿಸ್ತೀರ?" ಎಂದು ಮೇಸ್ತ್ರಿ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಸಿಲಿಂಡರನ್ನು ಬೆಳಕಿಗೆ ವಾಲಿಸಿ, "ಕೈ ಹಾಕಿ ನೋಡಿ" ಎಂದ. ಒಳಗೋಡೆಯ ಮೇಲೆ ಉದ್ದುದ್ದ ಗೀರುಗಳು ಉಗುರಿಗೆ ಸಿಕ್ಕವು. "ಯಾರು ಸಾರ್ ಇದನ್ನ ಓಡಿಸಿದ್ದು?" "ಯಾರೂ ಓಡ್ಸಿಲ್ಲ. ದಿನಾ ಸಂಜೆ ಸ್ವಲ್ಪ ಹೊತ್ತು ನಿಂತಲ್ಲೇ ಚಾಲು ಮಾಡ್ತಿದ್ದೆ." "ಅಯ್ಯೋ, ಅದೇ ಮತ್ತೆ! ಓಡಿಸಿದ್ರೆ ಇನ್ನೊಂದಷ್ಟು ವರ್ಷ ಬರ್ತಿತ್ತು. ತಣ್ಣಗಿರೋದನ್ನ ಎಬ್ಬಿಸೋದು, ಮೈ ಕಾಯೋಷ್ಟರಲ್ಲಿ ಮಲಗ್ಸೋದು. ಪೆಟ್ರೋಲು ಒಳಗಿನ ಆಯಿಲ್ ಎಲ್ಲಾ ತೊಳೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದೆ. ನೀವು ಒಳ್ಳೇದೇ ಮಾಡ್ದೆ ಅಂದ್ಕೊಂಡಿದೀರ."

ಅವನು ಉಗುರನ್ನು ಗೀರಿನಿಂದ ತೆಗೆಯಲಿಲ್ಲ. ಅಣ್ಣ ಇಷ್ಟು ವರ್ಷ ಊರೆಲ್ಲ ಸುತ್ತಿ ಮಾಡದ ಹಾನಿಯನ್ನು ತಾನು ಒಂದಡಿಯೂ ಚಲಿಸದೆ ಮಾಡಿದ್ದ. ಮೇಸ್ತ್ರಿಯ ಸಲಹೆ ಬದಲಿಯ ಕಡೆಗಿತ್ತು. ಮೂಲೆಯಲ್ಲಿ ಗೋಣಿಚೀಲ ಹೊದೆಸಿಟ್ಟ ಒಂದು ಇಂಜಿನ್ನು ಇದೆ, ಹೊಸ ಕಾಲದ್ದು, ಇದೇ ಚಾಸಿಗೆ ಕೂರುತ್ತದೆ, ಬೆರಳು ತಾಗಿಸಿದರೆ ಚಾಲು. ಅವನಿಗೆ ಅದು ಬೇಡವೆಂದು ಅಂಗಡಿಯಿಂದ ಹೊರಡುವಾಗಲೇ ಗೊತ್ತಿತ್ತು. ಬೇರೆ ಇಂಜಿನ್ನು ಎಂದರೆ ಬೇರೆ ಸದ್ದು, ಬೇರೆ ಸದ್ದು ಎಂದರೆ ಅಮ್ಮನ ಪಾಲಿಗೆ ದೊಡ್ಡ ಮಗ ಬರುವುದೇ ಇಲ್ಲ. ರಿಪೇರಿ ಮಾಡಿಸಿದರೆ ಅಣ್ಣ ಉಳಿಯುತ್ತಾನೆ. ಇಷ್ಟು ಸರಳವಾದದ್ದಕ್ಕೆ ಯಾಕೆ ಇಷ್ಟು ದಿನ ಹಿಂದೆಮುಂದೆ ನೋಡಿದೆ ಎಂಬುದನ್ನು ಮಾತ್ರ ಅವನು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. "ರಿಪೇರೀನೇ ಮಾಡಿ" ಎಂದ. "ಸದ್ದು ಮಾತ್ರ ಮೊದಲಿನ ಹಾಗೇ ಇರ್ಬೇಕು. ಆ ಟಕಟಕ."

ಮೇಸ್ತ್ರಿ ಪಿಸ್ಟನ್ನನ್ನು ಬೆಂಚಿನ ಮೇಲಿಟ್ಟ. "ಅದು ಹೋಗ್ಲಿ ಅಂತ ತಾನೇ ಸಾರ್ ಎಲ್ಲರೂ ರಿಪೇರಿ ಮಾಡ್ಸೋದು? ಆ ಟಕಟಕ ಇಂಜಿನ್ನಿಂದಲ್ಲ, ಸವೆದಿದ್ದರದ್ದು. ಪಿಸ್ಟನ್ನು ಸಡಿಲವಾಗಿ ಗೋಡೆಗೆ ಬಡ್ಕೊಳ್ಳೋ ಸದ್ದು. ಸಿಲಿಂಡರ್ ಕೊರೆಸಿ ದಪ್ಪ ಪಿಸ್ಟನ್ ಹಾಕಿದ್ರೆ ಬೆಣ್ಣೆ ಥರ ಓಡತ್ತೆ." ಹಾಗಾದರೆ ಹೇಗಿದೆಯೋ ಹಾಗೇ ಜೋಡಿಸಿಕೊಟ್ಟರೆ? ಜೋಡಿಸಬಹುದು, ಎಂದ ಮೇಸ್ತ್ರಿ, ಇನ್ನು ಸ್ವಲ್ಪ ಕಾಲ ಕುಂಟಿಕೊಂಡು ಬರುತ್ತದೆ, ಒಂದು ದಿನ ಕಚ್ಚಿಕೊಂಡು ನಿಲ್ಲುತ್ತದೆ, ಆಮೇಲೆ ಗುಜರಿ. "ಇವತ್ತು ಕೊರೆಯೋ ಅಂಗಡಿಗೆ ಬೇರೆ ಒಂದೆರಡು ಸಿಲಿಂಡರ್ ಹೋಗ್ತಿದೆ. ಹೂಂ ಅಂದ್ರೆ ಇದನ್ನೂ ಕಳಿಸ್ತೀನಿ. ಏನ್ ಹೇಳ್ತೀರ?"

ಆ ಗಳಿಗೆಯಲ್ಲಿ ತನ್ನೊಳಗೆ ಏನೋ ಹಗುರಾದದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಹಗುರಾದದ್ದಕ್ಕೆ ಹೆದರಿಕೆಯೂ ಆಯಿತು. ಇನ್ನೂ ಸ್ವಲ್ಪ ಕಾಲ ಸಿಗುವಂತಿತ್ತು. ಅಮ್ಮನಿಗೂ ಇನ್ನು ಎಷ್ಟು ಕಾಲ ಉಳಿದಿದೆ ಯಾರು ಬಲ್ಲರು, ಎರಡೂ ಒಟ್ಟಿಗೇ ಮುಗಿದರೂ ಮುಗಿಯಬಹುದಿತ್ತು. ಹೇಗಿದೆಯೋ ಹಾಗೇ ಕೊಡಿ ಎಂದರೆ ಆಗುತ್ತಿತ್ತು. ಆದರೆ ಅವನ ಕಣ್ಣ ಮುಂದೆ ಬಂದದ್ದು ಬೇರೆಯೇ ಚಿತ್ರ. ಸಂಜೆ, ಯಾವ ಸದ್ದೂ ಇಲ್ಲ, ಬಾಗಿಲು ತೆರೆಯುತ್ತದೆ, ಅಮ್ಮ ತಲೆಯೆತ್ತಿ ನೋಡುತ್ತಾಳೆ, ದೊಡ್ಡವನು ಬಾರದ ಆ ಖಾಲಿ ಜಾಗದಲ್ಲಿ ಮೊದಲ ಸಲ ಅವಳಿಗೆ ಚಿಕ್ಕವನು ಕಾಣುತ್ತಾನೆ. ಅಣ್ಣ ಬದುಕಿದ್ದಾಗಲೂ ಹೀಗೇ. ಅಂಗಡಿಯ ಮೊದಲ ದಿನ ಅಮ್ಮನನ್ನು ಕರೆತಂದು ಕೂರಿಸಿದಾಗ ಅವಳು ಫಳಫಳ ಹೊಳೆಯುವ ಕಪಾಟುಗಳನ್ನು ಬಿಟ್ಟು ಬೀದಿಯನ್ನೇ ನೋಡುತ್ತಿದ್ದಳು, ಅಣ್ಣನ ಗಾಡಿ ಬಂತೇ ಎಂದು. ಸತ್ತವನ ಮೇಲೆ ಮತ್ಸರಪಡುವವನಿಗಿಂತ ಕೀಳು ಯಾರಿದ್ದಾರೆ? ಅವನು ಯೋಚಿಸಿ ಹೇಳಲಿಲ್ಲ, ಬಾಯಿ ಹೇಳಿತು. "ಕೊರೆಸಿಬಿಡಿ."

ಸಂಜೆ ಅವನು ನಡೆದು ಮನೆಗೆ ಬಂದ. ಗಾಡಿ ಗ್ಯಾರೇಜಿಗೆ ಹೋದಂದಿನಿಂದ ಅಮ್ಮ ಮಂಚದ ಅಂಚಿಗೆ ಸರಿದು ಬಾಗಿಲ ಕಡೆಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಹೆಂಡತಿ ಪಿಸುದನಿಯಲ್ಲಿ, "ಮಧ್ಯಾಹ್ನದಿಂದ ಒಂದು ತುತ್ತು ಮುಟ್ಟಿಲ್ಲ. ದೊಡ್ಡೋನು ಬಂದ್ಮೇಲೆ ಒಟ್ಟಿಗೆ ಉಣ್ತೀನಿ ಅಂತಾರೆ. ಏನು ಹೇಳಿದ್ರಿ ಮೇಸ್ತ್ರಿಗೆ?" ಎಂದು ಕೇಳಿದಳು. "ರಿಪೇರಿ." "ಒಳ್ಳೇದಾಯ್ತು, ಭಾವನ ಗಾಡಿ ಭಾವನ ಗಾಡಿಯಾಗೇ ಇರ್ಲಿ" ಎಂದು ಅವಳು ನಿಟ್ಟುಸಿರು ಬಿಟ್ಟಳು. ಅವನು ಅವಳ ಮುಖ ನೋಡಲಿಲ್ಲ. ತಟ್ಟೆ ಹಿಡಿದು ಅಮ್ಮನ ಹತ್ತಿರ ಹೋಗಿ ಕುಳಿತ. "ಅಮ್ಮ, ನಾನು ಚಿಕ್ಕೋನು. ಒಂದು ತುತ್ತು ತಿನ್ನು." ಅಮ್ಮ ಅವನ ದನಿ ಬಂದ ಕಡೆ ತಿರುಗಿದಳು. "ನೋಡಿ, ನೀವು ಒಳ್ಳೆಯವರು, ಆದ್ರೆ ಬೇಡ. ಅವನು ಹಸ್ಕೊಂಡು ಬರೋವಾಗ ನಾನು ಉಂಡು ಕೂತಿದ್ರೆ ಚೆನ್ನಾಗಿರತ್ತಾ?" ಎಂದು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು. ಅವಳ ಕತ್ತು ಎದ್ದಿತು, ಸದ್ದು ದೂರವಾದಂತೆ ಮತ್ತೆ ತಗ್ಗಿತು. ಅವನು ಆ ಕತ್ತನ್ನೇ ನೋಡಿದ. ಅವನು ಬಯಸಿದ್ದ ಖಾಲಿ ಜಾಗ ಇದೇ. ಅಲ್ಲಿ ಯಾರೂ ಕಾಣಿಸಿಕೊಳ್ಳುತ್ತಿರಲಿಲ್ಲ, ಕಾಯುವುದೊಂದೇ ಇತ್ತು.

ಬೆಳಗಾಗುತ್ತಲೇ ಮುಖಕ್ಕೆ ನೀರು ಹಾಕಿಕೊಂಡು ಗ್ಯಾರೇಜಿಗೆ ಓಡಿದ. ಮೇಸ್ತ್ರಿ ಇನ್ನೂ ಶಟರು ಎತ್ತುತ್ತಿದ್ದ. "ಬೇಡ ಮೇಸ್ತ್ರಿ, ಕೊರೆಸ್ಬೇಡಿ. ಹೇಗಿತ್ತೋ ಹಾಗೇ ಜೋಡಿಸಿಕೊಡಿ. ಹಳೇ ಪಿಸ್ಟನ್ನೇ ಹಾಕಿ." ಮೇಸ್ತ್ರಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಒಳಗೆ ಹೋಗಿ ಎಣ್ಣೆ ಕಾಗದ ಸುತ್ತಿದ್ದ ಸಿಲಿಂಡರನ್ನು ತಂದ. "ನಿನ್ನೆ ಸಂಜೇನೇ ಬಂತಲ್ಲ ಸಾರ್. ಎಷ್ಟು ನುಣ್ಣಗೆ ಕೊರೆದಿದಾನೆ ನೋಡಿ, ಕನ್ನಡಿ!" ಅವನು ಕೈ ಹಾಕಿದ. ಗೀರುಗಳಿರಲಿಲ್ಲ. ಅಣ್ಣನ ಕಾಲದ ಗೀರು, ತನ್ನ ಕಾಲದ ಗೀರು, ಎಲ್ಲ ಯಾವುದೋ ಲೇತಿನ ಕೆಳಗೆ ಪುಡಿಯಾಗಿ ಬಿದ್ದು ಗುಡಿಸಿ ಹೋಗಿತ್ತು. "ಇದಕ್ಕೇ ಹಳೇ ಪಿಸ್ಟನ್ ಹಾಕಿದ್ರೆ?" ಎಂದು ಕೇಳಿದ, ಪೆದ್ದು ಪ್ರಶ್ನೆ ಎಂದು ಗೊತ್ತಿದ್ದೂ. "ಬಾವೀಲಿ ಬಿಂದಿಗೆ ಬಿಟ್ಟ ಹಾಗೆ ಆಡತ್ತೆ, ಚಾಲೂ ಆಗಲ್ಲ. ಕೊರೆದಿದ್ದನ್ನ ಮತ್ತೆ ತುಂಬಕ್ಕಾಗಲ್ಲ ಸಾರ್. ನಿನ್ನೆ ನೀವೇ ಅಲ್ವಾ ಹೇಳಿದ್ದು?" ಅವನು ಹೌದು, ನಾನೇ, ಎಂದ. ಮೇಸ್ತ್ರಿ ಯಾಕೋ ತಮಾಷೆ ಮಾಡಲಿಲ್ಲ. ಸ್ಟೂಲನ್ನು ಕಾಲಿನಿಂದ ಸರಿಸಿ, "ಕೂತ್ಕೊಳ್ಳಿ, ಟೀ ಹೇಳ್ತೀನಿ" ಎಂದ.

ಗಾಡಿ ಸಿದ್ಧವಾಗಿ ಬಂದ ದಿನ ಅವನು ಅಂಗಡಿಯನ್ನು ಬೇಗ ಮುಚ್ಚಿದ. ಹೊರಡುವ ಮೊದಲು ಡ್ರಾಯರು ಎಳೆದು ಬಟ್ಟೆಯ ಗಂಟನ್ನು ಜೇಬಿಗೆ ಹಾಕಿಕೊಂಡ. ಮೇಸ್ತ್ರಿ ತಾನೇ ಓಡಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿ ಹೋಗಿದ್ದ. ಅವನು ಕಿಕ್ ಹೊಡೆದ. ಮೊದಲ ಏಟಿಗೇ ಇಂಜಿನ್ನು ಹಿಡಿಯಿತು, ಕೆಮ್ಮಲಿಲ್ಲ, ಬಡಿದುಕೊಳ್ಳಲಿಲ್ಲ, ಒಂದೇ ಸಮನೆ, ದುಂಡಗೆ, ಯಾರ ನೆನಪೂ ಇಲ್ಲದ ಹಾಗೆ ಓಡಿತು. ಎರಡು ಸಲ ರೇಸು ಮಾಡಿದ. ಒಳಗಿನಿಂದ ದನಿ ಬರಲಿಲ್ಲ. ಇನ್ನೊಂದು ಸಲ ಮಾಡಿದ. ಬಾಗಿಲಲ್ಲಿ ಹೆಂಡತಿ ಬಂದು ನಿಂತಳು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸದ್ದು ಕೇಳಿ ಅವಳಿಗೂ ತಿಳಿದುಹೋಗಿತ್ತು.

ಅಮ್ಮ ಮಂಚದ ಅಂಚಿನಲ್ಲಿದ್ದಳು. ಅವನು ಬೀಗದ ಕೈಯನ್ನು ಎಸೆಯಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟ. ಅವಳ ಮುಂದೆ ಮಂಡಿಯೂರಿ, ಬಟ್ಟೆಯ ಗಂಟು ಬಿಚ್ಚಿ, ಕನ್ನಡಕದ ಗಾಜುಗಳನ್ನು ಒರೆಸಿ, ಅಂಗಡಿಗೆ ಬಂದವರಿಗೆ ಹಾಕುವ ಹಾಗೆ ಎರಡು ಕೈಯಲ್ಲಿ ಹಿಡಿದು ಅವಳ ಕಿವಿಗಳಿಗೆ ಸಿಕ್ಕಿಸಿದ. ಕನ್ನಡಕ ಮೂಗಿನ ಮೇಲೆ ಸರಿಯಾಗಿ ಕೂತಿತು. ಅಮ್ಮ ಕಣ್ಣು ಪಿಳುಕಿಸಿದಳು. ಗೋಡೆಯನ್ನು, ಕಿಟಕಿಯನ್ನು, ತನ್ನ ಕೈಯ ಗೆರೆಗಳನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಇಷ್ಟು ಹತ್ತಿರದಿಂದ, ಇಷ್ಟು ಸ್ಪಷ್ಟವಾಗಿ, ಇಷ್ಟು ಹೊತ್ತು ಅವಳು ಅವನನ್ನು ನೋಡಿದ್ದೇ ಇಲ್ಲ.

"ಚೆನ್ನಾಗಿ ಕಾಣುತ್ತಾ?" ಎಂದು ಅವನು ಕೇಳಿದ.

"ತುಂಬಾ ಚೆನ್ನಾಗಿ ಕಾಣ್ತಿದೆ. ಎಲ್ಲಾ ಕಾಣ್ತಿದೆ" ಎಂದಳು. ಮುಖ ಅರಳಿತು. "ನೀವು ಯಾರು?"

ಚಿಕ್ಕೋನು ಎಂದು ಹೇಳಿದರೆ ಹೇಳಬಹುದಿತ್ತು, ಹಿಂದೆಯೂ ಹೇಳಿದ್ದ. "ಹೊರಗೆ ಗಾಡಿ ನಿಲ್ಲಿಸಿದವರು ನೀವೇನಾ?" ಎಂದು ಅವಳೇ ಕೇಳಿದಳು. "ಒಳ್ಳೇ ಗಾಡಿ. ಸದ್ದೇ ಇಲ್ಲ. ನನ್ನ ದೊಡ್ಡ ಮಗನದ್ದೂ ಒಂದಿದೆ, ಬೀದಿ ಕೊನೇಲಿ ಇರೋವಾಗ್ಲೇ ಗೊತ್ತಾಗಿಬಿಡತ್ತೆ. ಅವನು ಬರೋ ಹೊತ್ತಾಯ್ತು, ಕೂತ್ಕೊಳ್ಳಿ. ಮಲಗಿದ್ರೂ ನನ್ನ ಕಿವಿ ಬೀದೀಲೇ ಇರತ್ತೆ." ಅವನು ನೆಲದ ಮೇಲೆಯೇ, ಮಂಚಕ್ಕೆ ಒರಗಿ ಕುಳಿತ. ಹೊರಗೆ ಇಂಜಿನ್ನು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು, ಅದೂ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಬಗ್ಗಿ ಅವನ ಮುಖ ನೋಡಿದಳು. ಈಗ ಕಣ್ಣೀರೂ ಅವಳಿಗೆ ಕಾಣುತ್ತಿತ್ತು.

"ಅಯ್ಯೋ, ಯಾಕಪ್ಪ? ನಿಮಗೂ ಯಾರಾದ್ರೂ ಬರ್ಬೇಕಾಗಿತ್ತಾ?"

"ಹೂಂ" ಎಂದ ಅವನು. "ನಮ್ಮಣ್ಣ."

ಹಾಗೆ ಹೇಳಿದ ಮೇಲೆ ಅದು ನಿಜವೆಂದು ಅವನಿಗೆ ತಿಳಿಯಿತು. ಅಣ್ಣನಿಗಾಗಿ ಅವನು ಇದುವರೆಗೆ ಅತ್ತಿರಲೇ ಇಲ್ಲ, ಅವನ ಜಾಗದಲ್ಲಿ ಕೂರುವುದರಲ್ಲೇ ದಿನ ಕಳೆದಿತ್ತು. ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು. ಅವಳ ಪಾಲಿಗೆ ದೊಡ್ಡವನದ್ದಲ್ಲ ಆ ತಲೆ, ಚಿಕ್ಕವನದ್ದೂ ಅಲ್ಲ, ಯಾರೋ ಬಂದು ಕೂತವರದ್ದು.

"ಬರ್ತಾನೆ ಬಿಡಿ" ಎಂದಳು. "ಅಣ್ಣಂದಿರು ತಡ ಮಾಡ್ತಾರೆ, ಆದ್ರೆ ಬರ್ತಾರೆ. ಸದ್ದು ಮಾಡ್ಬೇಡಿ, ಕೇಳೋಣ."

ಇಬ್ಬರೂ ಬೀದಿಯ ಕಡೆಗೆ ಕಿವಿ ಕೊಟ್ಟು ಕುಳಿತರು.